"ಯಪ್ಪಾ" ಅಂದರೂ ಪ್ರಾರ್ಥನೆಯೇ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳುತ್ತವೆ. ಭಾನುವಾರ ಸಭೆಗೆ ಹೋಗುತ್ತೇವೆ, ಮಿಕ್ಕ ಆರು ದಿನ ದೇವರ ಜೊತೆ ಹೇಗಿರಬೇಕು ಅಂತ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. 34 ವರ್ಷ ನರ್ಸ್ ಆಗಿ ದುಡಿದು ಈಗ ಬೆಟಗೇರಿಯ ಮನೆಯಲ್ಲಿದ್ದೇನೆ. ನನಗೆ ಗೊತ್ತಿರುವುದನ್ನು ವಾರ್ಡಿನಲ್ಲಿ, ಅಡುಗೆಮನೆಯಲ್ಲಿ, ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕಲಿತೆ.

ಪ್ರಶ್ನೆ: ಅಕ್ಕಾ, ವಂದನೆಗಳು. ನನಗೆ 36 ವರ್ಷ. ಎರಡು ಮಕ್ಕಳು, ಸಣ್ಣವನಿಗೆ ಒಂದೂವರೆ ವರ್ಷ. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಮದುವೆಗೆ ಮುಂಚೆ ಬೆಳಗ್ಗೆ 5ಕ್ಕೆ ಎದ್ದು ಒಂದು ತಾಸು ಪ್ರಾರ್ಥನೆ ಮಾಡುತ್ತಿದ್ದೆ. ಈಗ ಮೊಣಕಾಲೂರಿದರೆ ನಿದ್ದೆ ಬರುತ್ತದೆ. ಇಲ್ಲಾಂದ್ರೆ ಸಿಲಿಂಡರ್ ಬುಕ್ ಮಾಡಿಲ್ಲ, ಅತ್ತೆಯ ಡೈಪರ್ ಮುಗಿದಿದೆ ಅನ್ನುವುದೇ ತಲೆಯಲ್ಲಿ. ಬುಧವಾರದ ಸ್ತ್ರೀಯರ ಕೂಟದಲ್ಲಿ ಎಲ್ಲರೂ "ಕರ್ತನು ಈ ವಾರ ನನ್ನ ಸಂಗಡ ಮಾತಾಡಿದನು" ಅಂತ ಸಾಕ್ಷಿ ಹೇಳುತ್ತಾರೆ. ನನ್ನ ಸರದಿ ಬಂದಾಗ ನಾನೂ ಏನೋ ಒಂದು ಹೇಳಿ ಮನೆಗೆ ಬಂದು ಅಳುತ್ತೇನೆ. ನಾನು ಹಿಂಜಾರಿಬಿಟ್ಟೆನಾ?
ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತಂಗೀ, ಮೊದಲು ನಿದ್ದೆಯ ಮಾತು. ರಾತ್ರಿ ಎರಡು ಸಲ ಮಗುವಿಗೆ, ಎರಡು ಸಲ ಅತ್ತೆಗೆ ಎದ್ದವಳು ಮೊಣಕಾಲೂರಿದಾಗ ತೂಕಡಿಸಿದರೆ ಅದಕ್ಕೆ ದಣಿವು ಅನ್ನುತ್ತಾರೆ. ಹಿಂಜಾರಿಕೆ ಅನ್ನುವುದಿಲ್ಲ. ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆದು ನೋಡು. ಪ್ರವಾದಿ ಎಲೀಯನಿಗೆ ಸಾಕಾಗಿ ಹೋಗಿತ್ತು. ಒಂದು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅಂದು ಮಲಗಿಬಿಟ್ಟ. ದೇವದೂತ ಬಂದು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ: ಎದ್ದು ತಿನ್ನು, ದಾರಿ ದೂರ ಇದೆ. ದೇವರು ಮೆಲ್ಲನೆಯ ದನಿಯಲ್ಲಿ ಮಾತಾಡಿದ್ದು ಇದೆಲ್ಲ ಆದ ಮೇಲೆ, 40 ದಿನ ನಡೆದ ಮೇಲೆ. ನರ್ಸ್ ಆದ ನನಗೆ ಈ ಕ್ರಮ ಬಹಳ ಇಷ್ಟ. ಮೊದಲು ನಿದ್ದೆ, ಊಟ, ನೀರು. ಒಂದು ತಿಂಗಳು 5 ಗಂಟೆಯ ಅಲಾರಂ ತೆಗೆದುಬಿಡು. ಹೌದು, ತೆಗೆದುಬಿಡು ಅಂತಲೇ ಹೇಳುತ್ತಿದ್ದೇನೆ.

ಈಗ ನನ್ನ ಮಾತು. ಆಗ ನನಗೆ ಹೆಚ್ಚು ಕಡಿಮೆ ನಿನ್ನ ವಯಸ್ಸು. ನಮ್ಮವ್ವ ತೀರಿಹೋಗಿ ಮೂರು ತಿಂಗಳಾಗಿತ್ತು. ಅವ್ವ ಸಾಯುವಾಗ ನಾನು ನೈಟ್ ಡ್ಯೂಟಿಯಲ್ಲಿ ಬೇರೆಯವರ ಅವ್ವಂದಿರಿಗೆ ಔಷಧಿ ಕುಡಿಸುತ್ತಿದ್ದೆ. ಆ ಮೂರು ತಿಂಗಳೂ ಒಂದು ದಿನ ತಪ್ಪದೆ ಪ್ರಾರ್ಥನೆ ಮಾಡಿದೆ. "ಪರಲೋಕದ ಪರಿಶುದ್ಧ ತಂದೆಯೇ, ನಿನ್ನ ಪಾದಸನ್ನಿಧಿಗೆ ಬರುತ್ತೇವೆ" ಅಂತ. ಒಬ್ಬಳೇ ಇದ್ದರೂ "ಬರುತ್ತೇವೆ". ಬಾಯಿ ಹೇಳುತ್ತಿತ್ತು, ಎದೆ ಕಲ್ಲಾಗಿತ್ತು. ಒಂದು ರಾತ್ರಿ, ಎರಡೂವರೆ ಇರಬೇಕು, ಸಿರಿಂಜ್ ಕುದಿಸುತ್ತಾ ನಿಂತಿದ್ದೆ. ಆಗೆಲ್ಲ ಗಾಜಿನ ಸಿರಿಂಜು. ಹಬೆ ಮುಖಕ್ಕೆ ಬಡಿಯುತ್ತಿತ್ತು. 7ನೇ ಬೆಡ್ಡಿನ ಮುದುಕಿ ಥೇಟ್ ನಮ್ಮವ್ವನ ದನಿಯಲ್ಲಿ "ತಂಗೀ, ನೀರು" ಅಂದಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಯಪ್ಪಾ, ನನ್ನ ಕೈಲೆ ಆಗವಲ್ದು."

ಅಷ್ಟೇ. ಆಮೆನ್ ಕೂಡ ಇಲ್ಲ. ಮುದುಕಿಗೆ ನೀರು ಕುಡಿಸಿ ಬಂದೆ. ಬೆಳಕೇನೂ ಕಾಣಲಿಲ್ಲ, ದನಿಯೇನೂ ಕೇಳಲಿಲ್ಲ. ಆದರೆ ಮೂರು ತಿಂಗಳಲ್ಲಿ ಮೊದಲ ಸಲ ಕಣ್ಣಲ್ಲಿ ನೀರು ಬಂತು. ಕೇಳಿಸಿಕೊಂಡ ಅನ್ನಿಸಿತು.

ನಮ್ಮ ಕಡೆ "ಯಪ್ಪಾ" ಅಂದರೆ ನೋವಾದಾಗ ಬರುವ ಕೂಗು. ಅಪ್ಪನನ್ನು ಕರೆಯುವುದೂ ಹಾಗೇ. ನಿನಗೆ ಗೊತ್ತೇ ಇದೆ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಎದೆ ಒಡೆಯುವಷ್ಟು ದುಃಖದಲ್ಲಿ ಕೂಗಿದ ಮಾತು ಯಾವುದು? ಮಾರ್ಕ 14:36 ನೋಡು. ಮನೆಯಲ್ಲಿ ಆಡುತ್ತಿದ್ದ ಅರಾಮಿಕ್ ಮಾತಿನಲ್ಲಿ "ಅಬ್ಬಾ". ಸುವಾರ್ತೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದರೂ ಆ ಒಂದು ಮಾತನ್ನು ಹಾಗೇ ಉಳಿಸಿಕೊಂಡಿದ್ದಾರೆ. ನಮ್ಮ ಸತ್ಯವೇದದಲ್ಲಿ ಅದು "ಅಪ್ಪಾ, ತಂದೆಯೇ" ಅಂತ ಬಂದಿದೆ. ರೋಮಾಪುರದವರಿಗೆ 8:15ರಲ್ಲಿ ಪೌಲನೂ ಅದನ್ನೇ ಬರೆಯುತ್ತಾನೆ. ಅಲ್ಲಿ ಕೂಗುತ್ತೇವೆ ಅಂತಿದೆ, ಗಮನಿಸು.

ಇನ್ನೊಂದು ವಿಷಯ. ನಾವು ಸಭಾಪಾಲಕರಿಗೆ ನೀವು ಅನ್ನುತ್ತೇವೆ, ಮಾವನಿಗೆ ನೀವು ಅನ್ನುತ್ತೇವೆ, ಬ್ಯಾಂಕಿನ ಕೌಂಟರಿನಲ್ಲಿರುವ ಹುಡುಗನಿಗೂ ನೀವು. ದೇವರಿಗೆ ಮಾತ್ರ "ನೀನು". ಅವ್ವನಿಗೆ ಅಂದ ಹಾಗೆ. ಕನ್ನಡವೇ ನಮಗೆ ಅಷ್ಟು ಹತ್ತಿರದಲ್ಲಿ ಮಣೆ ಹಾಕಿಟ್ಟಿದೆ. ಎಲ್ಲರೂ ಸೇರಿ ಪ್ರಾರ್ಥಿಸುವಾಗ ಸಭೆಯ ಮಾತು ಬೇಕು, ಅದನ್ನು ನಾನು ಪ್ರೀತಿಸುತ್ತೇನೆ. ಆದರೆ ಒಲೆಯ ಮುಂದೆ ಒಬ್ಬಳೇ ನಿಂತಾಗ ನಿನ್ನ ಮನೆಯ ಮಾತಿನಲ್ಲೇ ಮಾತಾಡು.

ನಾನು ದಿನಾ ಮಾಡುವುದನ್ನು ಹೇಳುತ್ತೇನೆ. ನರ್ಸುಗಳು ಡ್ಯೂಟಿ ಬಿಡುವಾಗ ಮುಂದಿನವರಿಗೆ ಬೆಡ್ ಬೆಡ್ಡಿನದೂ ರಿಪೋರ್ಟ್ ಕೊಡಬೇಕು. "3ನೇ ಬೆಡ್, ಜ್ವರ ಇಳಿದಿಲ್ಲ. 5ನೇ ಬೆಡ್, ಊಟ ಬಿಟ್ಟಿದ್ದಾಳೆ, ಅಳುತ್ತಿದ್ದಾಳೆ. 8ನೇ ಬೆಡ್, ಡ್ರಿಪ್ ಮುಗಿಯುತ್ತಾ ಬಂತು." ಚಂದದ ಮಾತು ಬೇಕಿಲ್ಲ. ಇದ್ದದ್ದು ಇದ್ದ ಹಾಗೆ. ಕೊಟ್ಟಾದ ಮೇಲೆ ಕ್ವಾರ್ಟರ್ಸ್‌ಗೆ ಹೋಗಿ ಮಲಗಬೇಕು. ಹೊಸದರಲ್ಲಿ ನನಗೆ ಅದು ಆಗುತ್ತಿರಲಿಲ್ಲ. ರಿಪೋರ್ಟ್ ಕೊಟ್ಟು ಗೇಟಿನ ತನಕ ಹೋಗಿ ಮತ್ತೆ ವಾಪಸ್ ಬಂದು ಇಣುಕುತ್ತಿದ್ದೆ. ಒಬ್ಬ ಹಿರಿಯ ಸಿಸ್ಟರ್ ನನ್ನ ಕೈ ಹಿಡಿದು ಬಾಗಿಲ ಹೊರಗೆ ಬಿಟ್ಟು, "ಕೊಟ್ಟ ಮೇಲೆ ಕೊಟ್ಟಂಗ, ನಡಿ" ಅಂದರು.

ರಾತ್ರಿ ದೀಪ ಆರಿಸಿದ ಮೇಲೆ ಮಲಗಿಕೊಂಡೇ ದೇವರಿಗೆ ಹಾಗೆ ರಿಪೋರ್ಟ್ ಕೊಡು. ಅತ್ತೆ ಇವತ್ತು ಗಂಜಿ ಉಗುಳಿದರು, ಸಿಟ್ಟು ಬಂದು ಜೋರು ಮಾಡಿದೆ. ಸಣ್ಣವನ ಕೆಮ್ಮು ಹೋಗಿಲ್ಲ. ಸಿಲಿಂಡರ್ ಬುಕ್ ಮಾಡಿಲ್ಲ. ಪ್ರಾರ್ಥನೆಗೆ ಅಡ್ಡ ಬರುತ್ತದೆ ಅಂತ ನೀನು ಬರೆದದ್ದೆಲ್ಲ ಪ್ರಾರ್ಥನೆಯ ವಿಷಯವೇ, ತಂಗಿ. ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುತ್ತೇವೆ. ಅನ್ನ ಬೇಯಲು ಗ್ಯಾಸ್ ಬೇಕು, ಅಲ್ವಾ? ಜೋರು ಮಾಡಿದ್ದಕ್ಕೆ ಕ್ಷಮೆಯನ್ನೂ ಅಲ್ಲೇ ಕೇಳಿಬಿಡು. ಅರ್ಧಕ್ಕೇ ನಿದ್ದೆ ಬಂದರೆ ಬರಲಿ. ಮಿಕ್ಕ ವಾರ್ಡು ಆತನ ಕೈಯಲ್ಲಿದೆ. ನಮ್ಮನ್ನು ಕಾಯುವಾತ ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ ಸತ್ಯವೇದದ 121ನೇ ಕೀರ್ತನೆ ಹೇಳುತ್ತದೆ. ನೈಟ್ ಡ್ಯೂಟಿ ಮಾಡಿದವಳಿಗೆ ಆ ವಾಕ್ಯ ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಬರೀ ನಾವೇ ಮಾತಾಡಿದರೂ ಸಾಲದು. ಡಾಕ್ಟರು ಬರೆದ ಆರ್ಡರ್ ಓದದೆ ರಿಪೋರ್ಟ್ ಮಾತ್ರ ಕೊಡುವ ನರ್ಸ್ ಇರುತ್ತಾಳಾ? ಅತ್ತೆಗೆ ಊಟ ಮಾಡಿಸಿ ಬಾಯಿ ಒರೆಸಿದ ಮೇಲೆ ಅವರ ಪಕ್ಕದಲ್ಲೇ ಕೂತು ಒಂದು ಕೀರ್ತನೆ ಜೋರಾಗಿ ಓದು. ಮಾಡಿಸುವಾಗ ಬೇಡ. ಲಕ್ವಾ ಆದವರಿಗೆ ನುಂಗುವಾಗ ಗಮನ ತಪ್ಪಿದರೆ ಗಂಟಲಿಗೆ ಹತ್ತುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಯೇ ತಿನ್ನಿಸು. ಮಾತು ನಿಂತುಹೋದವರು ಕೂಡ ಚಿಕ್ಕಂದಿನಿಂದ ಬಾಯಿಪಾಠ ಇರುವ ಹಾಡನ್ನು, ಪ್ರಾರ್ಥನೆಯನ್ನು ಎಷ್ಟೋ ಸಲ ಹೇಳಬಲ್ಲರು. ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. 23ನೇ ಕೀರ್ತನೆ ಶುರು ಮಾಡಿ ನಡುವೆ ನಿಲ್ಲಿಸಿ ನೋಡು. ಮುಂದಿನ ಮಾತು ಅತ್ತೆಯೇ ಹೇಳಬಹುದು.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಇದ್ದರು. ಮೊದಲು ಸಿಪಾಯಿ, ಆಮೇಲೆ ಮಠದ ಅಡುಗೆಯಾಳು. ಅಡುಗೆ ಕೆಲಸ ಅವರಿಗೆ ಒಂದಿಷ್ಟೂ ಸೇರುತ್ತಿರಲಿಲ್ಲ. ಆದರೂ ಪಾತ್ರೆಗಳ ಗದ್ದಲದ ನಡುವೆ ಇರುವಾಗಲೂ ಮೊಣಕಾಲೂರಿರುವಾಗಲೂ ದೇವರು ಒಂದೇ ತರ ಹತ್ತಿರ ಇರುತ್ತಾನೆ ಅಂತ ಅವರು ಹೇಳುತ್ತಿದ್ದರು. ಒಂದೇ ದಿನಕ್ಕೆ ಅವರಿಗೆ ಅದು ಬರಲಿಲ್ಲ. ವರ್ಷಗಳೇ ಹಿಡಿದವು.

ಬುಧವಾರದ ಕೂಟದಲ್ಲಿ ಇನ್ನು ಮೇಲೆ ಸುಳ್ಳು ಸಾಕ್ಷಿ ಹೇಳಬೇಡ. "ಈ ವಾರ ನನಗೆ ಏನೂ ಕೇಳಿಸಲಿಲ್ಲ, ನನಗೋಸ್ಕರ ಪ್ರಾರ್ಥಿಸಿ" ಅನ್ನು. 13ನೇ ಕೀರ್ತನೆಯಲ್ಲಿ ದಾವೀದ "ಎಷ್ಟರ ತನಕ" ಅಂತ ನಾಲ್ಕು ಸಲ ಕೇಳುತ್ತಾನೆ. ಅದೂ ಸಾಕ್ಷಿಯೇ.

ಒಂದು ಮಾತು ಮಾತ್ರ ನರ್ಸ್ ಆಗಿ. ಎರಡು ವಾರಕ್ಕಿಂತ ಜಾಸ್ತಿ ದಿನ ಮಗು ಮಲಗಿದರೂ ನಿನಗೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ಆತ್ಮಿಕ ಸೋಲು ಅಂತ ಮುಚ್ಚಿಡಬೇಡ. ಡಾಕ್ಟರಿಗೆ ತೋರಿಸು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರಶ್ನೆ: ಅಕ್ಕಾ, ನಾನು ಬಳ್ಳಾರಿ ಹುಡುಗ, 24 ವರ್ಷ. ಬೆಂಗಳೂರಲ್ಲಿ ಪಿಜಿಯಲ್ಲಿದ್ದೇನೆ. ಫೋನಿನ ಇಂಗ್ಲಿಷ್ ಬೈಬಲ್ ಆ್ಯಪ್‌ನಲ್ಲಿ ಒಂದು ವರ್ಷದಲ್ಲಿ ಪೂರ್ತಿ ಓದುವ ಪ್ಲಾನ್ ಹಾಕಿಕೊಂಡೆ. 41 ದಿನ ಬಿಡದೆ ಓದಿದೆ. ಯಾಜಕಕಾಂಡದಲ್ಲಿ ಒಂದು ದಿನ ತಪ್ಪಿ ಸ್ಟ್ರೀಕ್ ಸೊನ್ನೆ ಆಯಿತು, ಆಮೇಲೆ ಆ್ಯಪ್ ತೆರೆಯುವ ಮನಸ್ಸೇ ಇಲ್ಲ. ಓದಿದ್ದೂ ನೆನಪಿಲ್ಲ. ಹುಟ್ಟಿದಾಗಿನಿಂದ ಕ್ರೈಸ್ತ. ದೇವರ ಬಗ್ಗೆ ಎಲ್ಲಾ ಗೊತ್ತು, ದೇವರೇ ಗೊತ್ತಿಲ್ಲ ಅನ್ನಿಸುತ್ತದೆ.
ಓದುಗ, ಬೆಂಗಳೂರು

ಉತ್ತರ: ತಮ್ಮಾ, ನಿನ್ನ ಕೊನೆಯ ಸಾಲು ಓದಿ ನನಗೆ ಸಂತೋಷವೇ ಆಯಿತು. ಪಂಡಿತಾ ರಮಾಬಾಯಿಯವರ ಹೆಸರು ಕೇಳಿರುತ್ತೀಯ. ಅವರ ತಂದೆ ಕಾರ್ಕಳ ಕಡೆಯ ಮಾಳದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ದೊಡ್ಡ ವಿದ್ವಾಂಸೆ, ಧರ್ಮದ ಪುಸ್ತಕಗಳನ್ನೆಲ್ಲ ಅರೆದು ಕುಡಿದವರು. ಆದರೆ ಎಂಟು ವರ್ಷವಾದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಆ ಧರ್ಮದ ಜೀವವಾದ ಕ್ರಿಸ್ತ ಸಿಕ್ಕಿಲ್ಲ ಅಂತ. ನೀನು ಬರೆದಿರುವುದೂ ಅದೇ. ಅವರಿಗೆ ನಿಜವಾದ ದಾರಿ ಶುರುವಾದದ್ದು ಅಲ್ಲಿಂದ.

ಸತ್ಯವೇದದಲ್ಲಿ 1189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ಮಾಡುವವರು ಮಾಡುತ್ತಾರೆ, ಒಳ್ಳೆಯದೇ. ನಿನಗೆ ಈಗ ಅದು ಬೇಡ. ಮಾರ್ಕನ ಸುವಾರ್ತೆ ತೆಗೆದುಕೋ, 16 ಅಧ್ಯಾಯ. ದಿನಕ್ಕೆ ಒಂದೇ ಘಟನೆ. ಮತ್ತು ಕನ್ನಡದಲ್ಲಿ ಓದು. ಆಫೀಸಿನ ಇಂಗ್ಲಿಷಿನಲ್ಲಿ ಓದಿದರೆ ಅದೂ ಆಫೀಸಿನ ಮೇಲ್‌ಗಳ ಜೊತೆ ಸೇರಿಹೋಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಿಮ್ಮ ಬಳ್ಳಾರಿಯಲ್ಲೇ. ಕನ್ನಡ ಕಲಿತು, ತಿದ್ದಿ ತಿದ್ದಿ, ಇಡೀ ಸತ್ಯವೇದ ಕನ್ನಡದಲ್ಲಿ ಮುಗಿಯುವಾಗ 1831. ರಮಾಬಾಯಿಯೂ ಕೊನೆಗಾಲದಲ್ಲಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸುಲಭದ ಮರಾಠಿಗೆ ತಂದರು. ಓದು ಬರಹ ಕಡಿಮೆ ಇದ್ದ ಹೆಂಗಸರಿಗೂ ಅರ್ಥವಾಗಲಿ ಅಂತ. ಮನೆಯ ಮಾತಿಗೆ ಇಷ್ಟು ವರ್ಷ ಸವೆಸಿದವರಿದ್ದಾರೆ, ತಮ್ಮಾ.

ಎಂ.ಜಿ. ರೋಡಿನ ಬೈಬಲ್ ಸೊಸೈಟಿಯಲ್ಲಿ ಒಂದು ಸತ್ಯವೇದ ಕೊಂಡುಕೋ. ಕಾಗದದ್ದು, ಪೆನ್ನಿನಲ್ಲಿ ಗೆರೆ ಎಳೆಯುವಂಥದ್ದು. ಪಿಜಿಯ ಟೆರೇಸಿಗೆ ಹೋಗಿ ನಿನ್ನ ಕಿವಿಗೆ ಕೇಳುವ ಹಾಗೆ ಓದು. 10ನೇ ಅಧ್ಯಾಯಕ್ಕೆ ಬಂದಾಗ ಕುರುಡ ಬಾರ್ತಿಮಾಯ ಸಿಗುತ್ತಾನೆ. ಸ್ವಾಮಿ ಅವನನ್ನು ಕೇಳುತ್ತಾನೆ, ನಾನು ನಿನಗೆ ಏನು ಮಾಡಬೇಕು ಅಂತ. ಅಲ್ಲಿ ಪುಸ್ತಕ ಮುಚ್ಚಿ ಆ ಪ್ರಶ್ನೆಗೆ ನೀನು ಉತ್ತರ ಹೇಳು. ಸಂಬಳ, ಹುಡುಗಿ, ಅಪ್ಪನ ಸಾಲ, ಏನಿದ್ದರೂ ಸರಿ. ಒಂದು ದಿನ ತಪ್ಪಿದರೆ ಮರುದಿನ ಬಿಟ್ಟಲ್ಲಿಂದ ಓದು. ಯಾಜಕಕಾಂಡಕ್ಕೆ ಆಮೇಲೆ ಹೋಗೋಣ, ಇಬ್ರಿಯರಿಗೆ ಬರೆದ ಪತ್ರ ಓದಿದ ಮೇಲೆ. ಆಗ ಅದು ಬೇರೆಯೇ ಪುಸ್ತಕದ ತರ ಕಾಣುತ್ತದೆ.

ಪ್ರಶ್ನೆ: ಸಿಸ್ಟರ್, ನನಗೆ 52. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಒಂದು ಪ್ರಾರ್ಥನಾ ಕೂಟದಲ್ಲಿ, ದೇವರು ನಿಮ್ಮನ್ನು ಗುಣಮಾಡಿದ್ದಾನೆ, ಇನ್ನು ಮಾತ್ರೆ ನುಂಗಿದರೆ ಅಪನಂಬಿಕೆ ಅಂದರು. 12 ದಿನದಿಂದ ಬಿಟ್ಟಿದ್ದೇನೆ. ಅದು ದೇವರ ಸ್ವರವೇ ಅಂತ ಹೇಗೆ ತಿಳಿಯಲಿ?
ಓದುಗಿ, ದಾವಣಗೆರೆ

ಉತ್ತರ: ಇದನ್ನು ಪೂರ್ತಿ ಓದುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಬನ್ನಿ. ಇವತ್ತೇ. ಬಿಪಿ ನೋಡಿ, ಮತ್ತೆ ಹೇಗೆ ಶುರು ಮಾಡಬೇಕು ಅಂತ ಅವರೇ ಹೇಳುತ್ತಾರೆ. ಬಿಪಿ ಏರಿದರೂ ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಬಿಟ್ಟು ಲಕ್ವಾ ಹೊಡೆಸಿಕೊಂಡು ಬಂದವರನ್ನು ನಾನು ಸ್ಟ್ರೆಚರ್‌ನಿಂದ ಇಳಿಸಿಕೊಂಡಿದ್ದೇನೆ. ಮೇಲಿನ ಪತ್ರದ ಅತ್ತೆಯವರನ್ನು ನೆನೆಸಿಕೊಳ್ಳಿ.

ಎರಡನೇ ಅರಸುಗಳು 20ರಲ್ಲಿ ಅರಸ ಹಿಜ್ಕೀಯನಿಗೆ ಸಾಯುವ ಕಾಯಿಲೆ. ಗುಣಮಾಡುತ್ತೇನೆ, ಇನ್ನೂ 15 ವರ್ಷ ಆಯಸ್ಸು ಕೊಡುತ್ತೇನೆ ಅಂತ ದೇವರೇ ಮಾತು ಕೊಟ್ಟ. ಆ ಮಾತು ತಂದ ಪ್ರವಾದಿ ಯೆಶಾಯನೇ ಹುಣ್ಣಿಗೆ ಅಂಜೂರದ ಹಣ್ಣು ಕಟ್ಟಿಸಿದ. ದೇವರ ಮಾತೂ ಇತ್ತು, ಔಷಧಿಯೂ ಇತ್ತು. ಪೌಲನ ಜೊತೆ ತಿರುಗಿದ ಲೂಕ ವೈದ್ಯ. ನಿಮಗೋಸ್ಕರ ಯಾರಾದರೂ ಪ್ರಾರ್ಥಿಸಿದರೆ ಸಂತೋಷವಾಗಿ ತಲೆಬಾಗಿ. ನಿಜವಾಗಿ ಗುಣವಾಗಿದ್ದರೆ ಬಿಪಿ ನೋಡುವ ಪಟ್ಟಿಯೂ ಅದನ್ನೇ ತೋರಿಸುತ್ತದೆ, ಮಾತ್ರೆಯನ್ನು ಡಾಕ್ಟರೇ ಕಡಿಮೆ ಮಾಡುತ್ತಾರೆ.

ಇನ್ನು ಸ್ವರದ ಮಾತು. ಗದಗ ಕಡೆ ಬೇಸಿಗೆಯಲ್ಲಿ ಕುರಿ ಹಿಂಡುಗಳು ನೀರಿನ ಹತ್ತಿರ ಒಂದರೊಳಗೊಂದು ಸೇರಿಬಿಡುತ್ತವೆ. ಕುರುಬ ತನ್ನದೇ ಒಂದು ದನಿ ತೆಗೆದು ಕೂಗಿದರೆ ಅವನ ಕುರಿಗಳು ಅವನ ಹಿಂದೆ ಹೊರಡುತ್ತವೆ. ದಿನಾ ಅವನ ಜೊತೆ ನಡೆದೇ ಅವಕ್ಕೆ ಆ ದನಿ ಗೊತ್ತು. ಯೋಹಾನ 10 ನಿಧಾನವಾಗಿ ಓದಿ. ಹೆದರಿಸಿ, ಅವಸರ ಮಾಡಿ, ಡಾಕ್ಟರಿಗೆ ಹೇಳಬೇಡ ಅನ್ನುವ ದನಿ ಆ ಕುರುಬನದು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಪ್ರಶ್ನೆ: ನನಗೆ 71 ವರ್ಷ. ಹೆಂಡತಿ ಹೋಗಿ ಎಂಟು ತಿಂಗಳಾಯಿತು. 43 ವರ್ಷ ರಾತ್ರಿ ಊಟಕ್ಕೆ ಮುಂಚೆ ಇಬ್ಬರೂ ಕೂತು ಕುಟುಂಬ ಪ್ರಾರ್ಥನೆ ಮಾಡಿದೆವು. ಅವಳು ಓದುವುದು, ನಾನು ಪ್ರಾರ್ಥಿಸುವುದು. ಈಗ ಅವಳ ಸತ್ಯವೇದ ಮುಟ್ಟಲೂ ಆಗುವುದಿಲ್ಲ. ಅವಳ ಕನ್ನಡಕ ಅದರ ಒಳಗೇ ಇದೆ. ದೇವರ ಮೇಲೆ ಸಿಟ್ಟೂ ಇದೆ, ಹೇಳಲು ಹೆದರಿಕೆ. ಒಬ್ಬಳೇ ಮಗಳು, ಮಸ್ಕತ್‌ನಲ್ಲಿದ್ದಾಳೆ.
ಓದುಗ, ಉಡುಪಿ

ಉತ್ತರ: ಅಣ್ಣಾ, ನಮ್ಮ ಮನೆಯವರು ಹೋಗಿ ಆರು ವರ್ಷ. ಅವರ ಚಪ್ಪಲಿ ಎರಡು ವರ್ಷ ಬಾಗಿಲಲ್ಲೇ ಇತ್ತು. ನಿಮಗೆ ಅವಸರ ಮಾಡುವುದಿಲ್ಲ.

ಸಿಟ್ಟನ್ನು ಆತನಿಗೇ ಹೇಳಿ. ಲಾಜರ ಸತ್ತಾಗ ಅವನ ಒಡಹುಟ್ಟಿದ ಮಾರ್ಥಳೂ ಮರಿಯಳೂ ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ದೂರು ಹೇಳಿದರು, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ. ಸ್ವಾಮಿ ಅವರನ್ನು ಗದರಲಿಲ್ಲ. ಅತ್ತ. 88ನೇ ಕೀರ್ತನೆ ಓದಿದ್ದೀರಾ? ಮೊದಲಿಂದ ಕೊನೆ ತನಕ ನೋವು. ಮುಗಿಯುವುದೂ ಕತ್ತಲಲ್ಲೇ. ಅದನ್ನೂ ದೇವರ ಜನ ಹಾಡುಗಳ ಪುಸ್ತಕದಲ್ಲಿ ಸೇರಿಸಿಟ್ಟಿದ್ದಾರೆ. ಬಾಯಿಗೆ ಮಾತು ಬರದ ದಿನ ಅದನ್ನೇ ಓದಿ. ನಿಮ್ಮ ವಯಸ್ಸಿನವರ ಪ್ರಾರ್ಥನೆ ಬೇಕಾದರೆ 71ನೇ ಕೀರ್ತನೆ ಇದೆ. ಮುಪ್ಪಿನಲ್ಲಿ ನನ್ನ ಕೈಬಿಡಬೇಡ ಅಂತ ಅಲ್ಲಿ ಬರುತ್ತದೆ.

ಕುಟುಂಬ ಪ್ರಾರ್ಥನೆ ನಿಲ್ಲಿಸಬೇಡಿ. ನಿಮ್ಮಲ್ಲಿ ರಾತ್ರಿ ಎಂಟೂವರೆ ಆದಾಗ ಮಸ್ಕತ್‌ನಲ್ಲಿ ಏಳು ಗಂಟೆ. ಮಗಳಿಗೆ ಫೋನ್ ಮಾಡಿ, ಅವಳು ಓದಲಿ, ನೀವು ಪ್ರಾರ್ಥಿಸಿ. ಹತ್ತು ನಿಮಿಷ ಸಾಕು. ಅವಳಿಗೂ ಅಮ್ಮ ಹೋಗಿದ್ದಾಳೆ, ಅಲ್ವಾ? ಕೇಳಲು ಸಂಕೋಚ ಪಡುತ್ತಾ ಅವಳೂ ಅಲ್ಲಿ ಕಾಯುತ್ತಿರಬಹುದು.

ಮನೆಯಲ್ಲಿ ಧೈರ್ಯ ಬಂದ ದಿನ ಆ ಸತ್ಯವೇದ ತೆರೆಯಿರಿ. ಕನ್ನಡಕವನ್ನು ಕಪಾಟಿನಲ್ಲಿ ಇಡಬೇಡಿ, ಪಕ್ಕದಲ್ಲೇ ಇರಲಿ. ಅವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಜೋರಾಗಿ ಓದಿ. ಗಂಟಲು ಕಟ್ಟಿದಲ್ಲಿ ನಿಲ್ಲಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸಿ. ಕನ್ನಡಕ ಯಾವ ಪುಟದಲ್ಲಿತ್ತು ಅಂತ ನನಗೊಂದು ಸಾಲು ಬರೆದು ತಿಳಿಸಿ. ಆ ಅಧ್ಯಾಯವನ್ನು ಅವತ್ತಿನ ರಾತ್ರಿ ನಾನೂ ಇಲ್ಲಿ ಓದುತ್ತೇನೆ.